ಒಕ್ಕಲು

ಆ ಕುರ್ಚಿ ಬೇಡ ಅರ್ಗಿರೋ, ಅದರ ಕಾಲು ಸಡಿಲ.
ಇಲ್ಲಿ ಕೂತುಕೋ, ಕತ್ತರಿಯ ಪಕ್ಕ, ಈ ಮೂಟೆಯ ಮೇಲೆ.
ಸ್ಪಂಜಿಗೇನೂ ಆಗದು,
ನೀನು ಎದ್ದ ಮೇಲೆ ಮತ್ತೆ ಉಬ್ಬಿಕೊಳ್ಳುತ್ತದೆ
ಏನೂ ನಡೆದೇ ಇಲ್ಲವೆಂಬಂತೆ.

ಈಗ ಹೇಳಿದ್ದನ್ನು ಇನ್ನೊಮ್ಮೆ ಹೇಳು, ನನ್ನ ಕಿವಿ ಮಂದ.
ನೀರೊಳಗೆ ಜೀವವಿದ್ದಾಗ
ಇದರ ಮೈಯ ಮೂರರಲ್ಲೊಂದು ಪಾಲು
ಇದರದ್ದೇ ಅಲ್ಲ ಅಂದೆಯಾ?
ತೊಗಲ ಮೇಲೆ, ತೂತಿನ ಅಂಚಿಗೆ,
ಒಳಗಿನ ಓಣಿ ಓಣಿಯ ಗೋಡೆಗೆ
ಕಣ್ಣಿಗೆ ಕಾಣದವರ ಒಕ್ಕಲು?
ವ್ಯಾಪಾರಿಗಳು ಮರಳು ತುಂಬಿ ತೂಕ ಏರಿಸಿದ್ದು ಕಂಡಿದ್ದೇನೆ.
ಇದು ಬೇರೆಯೇ ಲೆಕ್ಕ.

ಅರವತ್ತು ವರ್ಷ ಕತ್ತರಿಸಿದ್ದೇನೆ ಮಗಳೇ,
ನನ್ನ ಕೈಗೆ ಬರುವಷ್ಟರಲ್ಲಿ ಅದು ಬರಿ ಎಲುಬು.
ಮನೆ ಖಾಲಿ ಮಾಡಿಸುವುದು ಗಂಡಸರ ಕೆಲಸ:
ದೋಣಿಯ ಹಲಗೆಯ ಮೇಲೆ ಬರಿಗಾಲಲ್ಲಿ ತುಳಿಯುವುದು,
ಕರಿ ತೊಗಲು ಬಿರಿದು ಹಾಲು ಬರುವ ತನಕ.
ಹಾಲು ಅಂತಲೇ ಕರೆಯುತ್ತೇವೆ. ಬಿಳಿಯೇನಲ್ಲ,
ಬೂದಿ ಕಲಸಿದಂತೆ; ನಾತ ಏಳು ಮನೆ ದಾಟುತ್ತದೆ.
ಮದುವೆಯ ಹೊಸತರಲ್ಲಿ ಮಿಕೇಸನ ಪಾದಕ್ಕೆ
ನಿಂಬೆ ತಿಕ್ಕಿದೆ, ಉಪ್ಪು ತಿಕ್ಕಿದೆ. ಹೋಗಲಿಲ್ಲ.
ಆಮೇಲೆ ಆ ನಾತವಿಲ್ಲದೆ ನನಗೆ ನಿದ್ದೆಯೇ ಬರಲಿಲ್ಲ.

ಆ ಹಾಲಲ್ಲಿ ಅವರೂ ಇದ್ದರು ಅನ್ನು.
ನಾವು ತುಳಿದು ಸಮುದ್ರಕ್ಕೆ ಚೆಲ್ಲಿದ್ದು
ಊರಿಗೆ ಊರು.

ಅದಿರಲಿ. ಆ ಬೇಸಿಗೆಯ ಮಾತು ಬೇಕಲ್ಲವೇ ನಿನಗೆ?
ನೀರು ಮಗುವಿನ ಮೀಯುವ ನೀರಿನ ಹದ.
ಮಿಕೇಸ್ ಚೂರಿ ತಾಗಿಸುವ ಮುಂಚೆಯೇ
ಸ್ಪಂಜು ಬೆರಳ ಸಂದಿಯಲ್ಲಿ ಸೋರಿಹೋಯಿತು,
ನೆನೆದ ರೊಟ್ಟಿಯ ಹಾಗೆ.
ಪಾದ್ರಿ, ಪಾಪ ಅಂದರು.
ಕಾಫಿ ಅಂಗಡಿಯಲ್ಲಿ, ಆಕಾಶದಿಂದ ವಿಷ ಅಂದರು.
ಅತ್ತೆ ಏನೂ ಅನ್ನಲಿಲ್ಲ, ನನ್ನ ಕಡೆ ನೋಡಿದಳು.
ನೀನು ಹೇಳುವುದು: ಹೊರಗಿನವರು ನುಗ್ಗಿದರೋ
ಒಳಗಿನ ಒಕ್ಕಲೇ ಸೆಕೆಗೆ ತಿರುಗಿಬಿತ್ತೋ
ಇನ್ನೂ ಗೊತ್ತಿಲ್ಲ.
ಗೊತ್ತಿಲ್ಲ ಅಂದ ಓದಿದವಳನ್ನು ನಾನು ನೋಡಿದ್ದು ಇದೇ ಮೊದಲು.
ಅದಕ್ಕೇ ಎರಡನೇ ಕಾಫಿ ಇಟ್ಟದ್ದು.

ಕಾಣದ್ದನ್ನು ನಂಬುವುದು ನನಗೇನು ಕಷ್ಟ?
ನನ್ನಣ್ಣ ಸಕೆಲ್ಲಾರಿಸ್ ಇಪ್ಪತ್ತಾರಕ್ಕೆ
ಆಳದಿಂದ ಅವಸರದಲ್ಲಿ ಎದ್ದು ಬಂದ.
ರಕ್ತದಲ್ಲಿ ಗುಳ್ಳೆಯಂತೆ. ಬರಿ ಗಾಳಿ.
ನಡುವಿನಿಂದ ಕೆಳಗೆ ಕಲ್ಲಾದ.
ನಮ್ಮ ದ್ವೀಪದ ಮದುವೆಗಳಲ್ಲಿ ಒಂದು ಕುಣಿತವಿದೆ,
ಸಾಲಿನ ಮುಂದಾಳು ಕೋಲೂರಿ ನಡುಗುತ್ತಾನೆ,
ಬೀಳುತ್ತಾನೆ, ಏಳುತ್ತಾನೆ.
ನೋಡಲು ಬಂದ ಹೊರಗಿನವರು ಚಪ್ಪಾಳೆ ತಟ್ಟುತ್ತಾರೆ.
ನಾವು ತಟ್ಟುವುದಿಲ್ಲ.

ಇನ್ನೊಂದು ಹೇಳಿದೆಯಲ್ಲ, ಅದು ಚೆನ್ನಾಗಿತ್ತು:
ಮರಿ ತಾಯಿಯ ಮೈ ಬಿಟ್ಟು ಈಜಿ ಹೊರಡುವಾಗ
ಒಂದಷ್ಟು ಒಕ್ಕಲನ್ನು ಅದರೊಳಗೆ ಇಟ್ಟೇ ಕಳಿಸುತ್ತಾಳೆಂದು,
ಬುತ್ತಿ ಕಟ್ಟಿಕೊಟ್ಟಂತೆ.
ಹೋದಲ್ಲಿ ಬಂಡೆ ಸಿಕ್ಕರೆ ಸಿಕ್ಕೀತು,
ಹಳೇ ನೆರೆಹೊರೆಯಂತೂ ಜೊತೆಗಿರುತ್ತದೆ.
ನನ್ನ ಅಮ್ಮ ನನಗೆ ಕೊಟ್ಟದ್ದು ಈ ಕತ್ತರಿ, ಕುರಿಯ ತುಪ್ಪಟ ಕತ್ತರಿಸುವಂಥದ್ದು,
ಮತ್ತು ಒಂದು ಸಾಲ.

ಹತ್ತಿಯ ಕಡ್ಡಿ ಇನ್ನೊಂದು ಉಳಿದಿದೆಯೇ?
ಹಾಗಿದ್ದರೆ ಇಲ್ಲಿ, ಈ ಹೆಬ್ಬೆರಳ ಬುಡದಲ್ಲಿ,
ಕತ್ತರಿ ಕೂತು ಕೂತು ಗಂಟಾದ ಜಾಗದಲ್ಲಿ
ಒರೆಸಿಕೋ.
ನಗಬೇಡ. ಆ ಹಾಲಿನವರು ಯಾರಾದರೂ
ಅವನ ಪಾದದಿಂದ ಹಾಸಿಗೆಗೆ, ಹಾಸಿಗೆಯಿಂದ ನನಗೆ
ದಾಟಿ ಬಂದಿದ್ದರೆ?
ಉಪ್ಪುನೀರಲ್ಲದೆ ಬದುಕಲಾರರು ಅನ್ನುತ್ತೀಯ. ಇರಬಹುದು.
ಆದರೂ ಒರೆಸಿಕೋ.

ಡಬ್ಬಿಯ ಮೇಲೆ ಹೆಸರು ಬರೆ, ತೆಮೆಲಿನಾ,
ಹಾಗಲ್ಲ, ದೊಡ್ಡದಾಗಿ.
ನೀನು ಬರುತ್ತೀಯೆಂದು
ಬೆಳಗಿನಿಂದ ಕೈ ತೊಳೆದಿಲ್ಲ.