ಚಂದಾವ

ಮೈಸೂರಲ್ಲಿ ನಲವತ್ತೊಂದು ದಿನ ಕಾಯಬೇಕು ಅಕ್ಕ,
ಮಂಗಳೂರಾದರೆ ಈ ಗುರುವಾರವೇ ಖಾಲಿ ಉಂಟು
ಎಂದ ಮೂರ್ನಾಡಿನ ಸೈಬರ್ ಅಂಗಡಿಯ ರಂಶಾದ್,
ಮದುವೆಗೆ ಮುಹೂರ್ತ ತೆಗೆದವನ ಹಾಗೆ.
ಹನ್ನೆರಡೂ ಕಾಲು. ತಡವಾದರೆ ಒಳಗೆ ಬಿಡುವುದಿಲ್ಲ.
ಒತ್ತು ಎಂದೆ.

ಎಲ್ಲಿಗೆ ಹೋಗಲಿಕ್ಕುಂಟು ನಿನಗೆ? ಇವರ ಪ್ರಶ್ನೆ.
ಎಲ್ಲಿಗೂ ಇಲ್ಲ.
ಗ್ಯಾಸ್ ಮುಗಿಯುವ ಮೊದಲೇ
ಇನ್ನೊಂದು ಸಿಲಿಂಡರ್ ತಂದಿಡುವುದಿಲ್ಲವೇ, ಹಾಗೆ.

ಹಳೆಯದು ಮಾಡಿಸಿದ್ದು ತಂಗಿಯ ಬಾಣಂತನಕ್ಕೆ,
ಮಸ್ಕತ್ತಿಗೆ ಹೋಗುವುದೆಂದಾಗಿತ್ತು.
ಆರನೇ ತಿಂಗಳಿಗೆ ಅವಳೇ ಹೊರಟು ಬಂದಳು.
ಇನ್ನೊಮ್ಮೆ ಟಿಕೆಟ್ ನೋಡುವಷ್ಟರಲ್ಲಿ ಗುಡ್ಡ ಜರಿದು ರಸ್ತೆ ಹೋಯಿತು,
ಆಮೇಲೆ ಲೋಕವೇ ಬಾಗಿಲು ಹಾಕಿಕೊಂಡಿತು.
ಮೂವತ್ತಾರು ಪುಟ
ಒಂದೂ ಮಾಸದೆ ಸೀರೆಗಳ ಅಡಿಯಲ್ಲಿ,
ಹುಳ ಬಾರದಂತೆ ಇಟ್ಟ ಕರಿಮೆಣಸಿನ ಪೊಟ್ಟಣದ ಪಕ್ಕ.

ಅದರಲ್ಲಿ ನನ್ನ ಹೆಸರು ಚಂದಾವ.
ಚೋಂದವ್ವನನ್ನು ಇಂಗ್ಲಿಷಿಗೆ ಇಳಿಸುವಾಗ
ಯಾರದೋ ಬೆರಳು ಜಾರಿತ್ತು.
ತಿದ್ದಬೇಕೆಂದರೆ ಅಫಿಡವಿಟ್ಟು, ಎರಡು ಪೇಪರಿಗೆ ಜಾಹೀರಾತು,
ಮತ್ತೆ ಠಾಣೆಯಿಂದ ಇಬ್ಬರು, ಅವರಿಗೆ ಕಾಫಿ.
ಬೇಡ ಮಾರಾಯ, ಇದ್ದ ಹಾಗೇ ಇರಲಿ.
ಆ ಚಂದಾವ ಇನ್ನೂ ಹತ್ತು ವರ್ಷ ಬದುಕಿಕೊಳ್ಳಲಿ.

ಮಡಿಕೇರಿಯಲ್ಲಿ ಕಂಡಕ್ಟರು ಆಧಾರ್ ನೋಡಿ
ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟ.
ಜೋಡುಪಾಲದ ತಿರುವಿನಲ್ಲಿ ಪಕ್ಕದ ಹುಡುಗಿಗೆ ವಾಂತಿ,
ನನ್ನ ಕಿತ್ತಳೆಯ ಸಿಪ್ಪೆ ಮೂಸುತ್ತ ಸುಳ್ಯದವರೆಗೆ ಬಂದಳು.
ಸಂಪಾಜೆಯಲ್ಲಿ ಸ್ವೆಟರ್ ಬಿಚ್ಚಿದೆ,
ಪುತ್ತೂರಿನಲ್ಲಿ ಸಾಕ್ಸು.
ಘಟ್ಟ ಇಳಿಯುವುದೆಂದರೆ ಇಷ್ಟೇ,
ಹೊದ್ದದ್ದೆಲ್ಲ ಮಡಿಚಿ ಮಡಿಲಲ್ಲಿ ಇಟ್ಟುಕೊಳ್ಳುವುದು.

ಚಂದಾವ ಯಾರು? ಚಂದಾವ?
ಯಾರೂ ಏಳಲಿಲ್ಲ. ನಾನೂ.
ಎರಡನೇ ಸಲಕ್ಕೆ ಎದ್ದೆ,
ಗೆಳತಿಯ ಬದಲಿಗೆ ಹಾಜರಿ ಹೇಳುವ ಶಾಲೆಯ ಹುಡುಗಿಯ ಹಾಗೆ ಅಳುಕಿ.

ಹೋಂಸ್ಟೇಗಳಿಗೆ ದಿನಾ ಇನ್ನೂರು ಕಡಂಬುಟ್ಟು ಉರುಳಿಸುವ ಕೈ ಇದು.
ಹಬೆಗೆ ಗೆರೆಗಳೆಲ್ಲ ಸವೆದಿವೆ.
ಗಾಜಿನ ಮೇಲಿಟ್ಟರೆ ಕೆಂಪು ದೀಪ.
ಒರೆಸಿ ಇಡಿ, ಒತ್ತಿ ಇಡಿ, ಇನ್ನೊಂದು ಕೈ ಇಡಿ.
ಕೊನೆಗೆ ಆ ಕೌಂಟರಿನ ಹುಡುಗಿಯೇ ಎದ್ದು ಬಂದು
ನನ್ನ ಬೆರಳುಗಳನ್ನು ತನ್ನ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ
ಒಂದೊಂದೇ ಒತ್ತಿಸಿದಳು.
ನನ್ನಮ್ಮ ಬೀಡಿ ಕಟ್ಟುವುದು, ಅವರದ್ದೂ ಹೀಗೇ ಆಂಟಿ, ಎಂದಳು.
ಹಸಿರು ದೀಪ.

ಕೊನೆಯ ಮೇಜಿನವರು ಹಳೆಯದನ್ನು ಹಿಂದೆ ಮುಂದೆ ಮಗುಚಿದರು.
ಎಲ್ಲಿಗೂ ಹೋಗಲೇ ಇಲ್ಲವಾ?
ಇಲ್ಲಿಗೆ ಬಂದಿದ್ದೇನಲ್ಲ ಸಾರ್.
ಅವರು ನಗಲಿಲ್ಲ. ಕತ್ತರಿ ತೆಗೆದು ಮೂಲೆ ಕತ್ತರಿಸಿದರು,
ಆಮೇಲೆ ಧಡ್ ಎಂದು ಮುದ್ರೆ:
ರದ್ದು.
ಹತ್ತು ವರ್ಷದಲ್ಲಿ ಅದರ ಮೈಮೇಲೆ ಬಿದ್ದ
ಮೊದಲನೆಯ ಮುದ್ರೆ.
ಶಾಯಿ ಆರಲಿ ಎಂದು ನಾನೇ ಊದಿದೆ.

ಸಮುದ್ರ ನೋಡಲು ಹೊತ್ತಿರಲಿಲ್ಲ.
ಅರ್ಧ ಕೇಜಿ ಒಣ ಸಿಗಡಿ ಕೊಂಡೆ,
ಎರಡನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡೆ.
ಕತ್ತಲಾದ ಮೇಲೆ ಸಂಪಾಜೆ ಗೇಟಿನಲ್ಲಿ ಪೊಲೀಸು ಹತ್ತಿ
ಸೀಟುಗಳ ಅಡಿಗೆ ಟಾರ್ಚು ಬಿಟ್ಟು ನೋಡಿ ಇಳಿದ.
ಯಾರ ಹೆಸರೂ ಕೇಳಲಿಲ್ಲ.
ಸ್ವೆಟರ್ ಹಾಕಿಕೊಂಡೆ.

ಇವರು ಬಾಗಿಲು ತೆಗೆದವರೇ ಮೂಗರಳಿಸಿದರು. ಸಿಗಡಿಯಾ?
ಆಮೇಲೆ ನೆನಪಾಗಿ, ಕೆಲಸ ಆಯಿತಾ?
ಚಂದಾವಳದ್ದು ಆಯಿತು, ಎಂದೆ.
ನಾಳೆಗೆ ಅಕ್ಕಿ ತರಿ ಒಡೆಸಿದ್ದೀರಾ?