ಹತ್ತು ಎಂಬ ಕುದುರೆ

ಬಂಡೆಯ ಮೇಲೆ ಒಂಟಿಕಾಲಲ್ಲಿ ನಿಂತರೆ ಎರಡು ಕಡ್ಡಿ,
ಎರಡೂ ಕಾಲೂರಿದರೆ ಒಂದೇ.
ನಮ್ಮ ಹಾ ಲೆಬೆಸೆಗೆ ಲೋಕ ಸಿಗುವುದು ಹೀಗೆ,
ಕಂಬಳಿಯ ಪಿನ್ನು ಹಲ್ಲಲ್ಲಿ ಕಚ್ಚಿ,
ಫೋನನ್ನು ಆಕಾಶಕ್ಕೆ ಹಿಡಿದು,
ಐದು ಮಲೋಟಿಯ ಡೇಟಾ ತೀರುವ ಮುನ್ನ.

ಪೇಟೆಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು:
ಸಂಜೆ ಏಳಕ್ಕೆ ಹಾಕಿ. ಮುಖ ತೋರಿಸಿ.
ಕೊನೆಯಲ್ಲೊಂದು ಪ್ರಶ್ನೆ ಕೇಳಿ,
ಪ್ರಶ್ನೆ ಕಂಡರೆ ಜನ ಸುಮ್ಮನಿರಲಾರರು.
ಊಟಕ್ಕೆ ಕೋಳಿ ಇತ್ತು. ಸರ್ಟಿಫಿಕೇಟಿನಲ್ಲಿ
ಪುಲೆಂಗ್ ಹೋಗಿ ಪುಲಾನೆ ಆಗಿದ್ದೆ.

ಜಲಪಾತ ಹಾಕಿದೆ. ಏಳು ಲೈಕು,
ಅದರಲ್ಲಿ ಮೂರು ನಾನೇ, ಬೇರೆ ಬೇರೆ ಹೆಸರಲ್ಲಿ.
ಸೂರ್ಯೋದಯ ಹಾಕಿದೆ. ನಾಲ್ಕು.
ಗುಡಿಸಲ ಮಣ್ಣುಗೋಡೆಗೆ ಅತ್ತೆ ಬೆರಳಲ್ಲೇ ಗೀರಿದ ಚಿತ್ತಾರ ಹಾಕಿ
"ನಿಮಗೆ ಯಾವ ಬಣ್ಣ ಇಷ್ಟ?" ಅಂದೆ.
ಕಡಿಮೆ ಬಡ್ಡಿಗೆ ಸಾಲ ಕೊಡುತ್ತೇನೆಂದು ಒಬ್ಬ ಉತ್ತರಿಸಿದ.

ಆಮೇಲೆ ಆ ಮಂಗಳವಾರ.
ಮಾವ ಖೋತ್ಸೊ ಕುದುರೆಗೆ ಬೈಯುತ್ತಿದ್ದ.
ಖೋತ್ಸೊ ಅಂದರೆ ಶಾಂತಿ;
ಹೆಸರಿಟ್ಟವರು ಮಗುವಿನ ದನಿ ಕೇಳಿರಲಿಲ್ಲ.
ಕುದುರೆ ಲೆಶೋಮೆ, ಅಂದರೆ ಹತ್ತು,
ಹತ್ತು ಕುರಿ ಕೊಟ್ಟು ತಂದದ್ದು,
ಅದಕ್ಕೂ ಗೊತ್ತು ತನ್ನ ಬೆಲೆ.
ಬೆನ್ನ ಮೇಲೆ ಜೋಳದ ಹಿಟ್ಟಿನ ಮೂಟೆ,
ನಡು ಹೊಳೆಯಲ್ಲಿ ನಿಂತುಬಿಟ್ಟಿದೆ.
"ಎಲಾ ಮಾಜಿ ಮಂತ್ರಿ! ದಾಟು ಅಂದರೆ ಭಾಷಣಕ್ಕೆ ನಿಂತೆಯಾ?
ನಿನ್ನಮ್ಮ ದಾಟಿದಳು, ನಿನ್ನಜ್ಜಿ ದಾಟಿದಳು,
ನಿನಗೇನು ಹೊಳೆ ಬರೆದುಕೊಟ್ಟಿದ್ದಾರಾ?"
ಲೆಶೋಮೆ ಒಂದು ಕಿವಿ ಮಾತ್ರ ತಿರುಗಿಸಿತು.
ನಲವತ್ತು ಸೆಕೆಂಡು. ಪ್ರಶ್ನೆ ಹಾಕಲು ಮರೆತೆ.

ಬೆಳಿಗ್ಗೆ ಬಂಡೆ ಹತ್ತಿದರೆ ಫೋನು ಅಂಗೈಯಲ್ಲಿ
ಸಿಕ್ಕಿಬಿದ್ದ ಜೀರುಂಡೆಯ ಹಾಗೆ ಒದ್ದಾಡಿತು.
ಒಂದು ಲಕ್ಷದ ಹನ್ನೆರಡು ಸಾವಿರ.

ಬಂದರು. ಡರ್ಬನ್ನಿನಿಂದ, ಉಟ್ರೆಕ್ಟಿನಿಂದ,
ಜಲಪಾತಕ್ಕೆ ಬೆನ್ನು ಹಾಕಿ ಕೇಳಿದರು:
ಬೈಯುವವರು ಎಲ್ಲಿ?
ಮಾವ ಟೋಪಿ ಸರಿಮಾಡಿಕೊಂಡ. ಕೆಮ್ಮಿದ.
ಲೆಶೋಮೆ ಹೊಳೆ ದಾಟಿತು,
ಇನ್ಸ್‌ಪೆಕ್ಟರು ಬಂದ ದಿನದ ಶಾಲೆಹುಡುಗನಂತೆ
ನೆಟ್ಟಗೆ, ಸದ್ದಿಲ್ಲದೆ.
ತಪ್ಪೇ ಇಲ್ಲದೆ ಬೈಯುವುದು ಹೇಗೆ?
"ಎಲಾ... ಮಾಜಿ ಮಂತ್ರಿ," ಅಂದ ಮಾವ,
ಮದುವೆಮನೆಯಲ್ಲಿ ಬಲವಂತಕ್ಕೆ ಹಾಡಿದವನ ಹಾಗೆ.
ಎಲ್ಲರೂ ನಕ್ಕರು. ನಾನೂ.

ಮೂರನೆಯ ವಾರಕ್ಕೆ ಅವನು
ಕುದುರೆಯನ್ನು ಬೇಕೆಂದೇ ನಿಲ್ಲಿಸಲು ಕಲಿತ;
ಲಗಾಮು ಕೂದಲೆಳೆಯಷ್ಟು ಹಿಂದಕ್ಕೆ,
ಯಾರಿಗೂ ಕಾಣದ ಹಾಗೆ. ನಾನು ಕಂಡೆ.
ಲಗಾಮು ಬೀಳದ ಕೋನ ಹುಡುಕಿ ಹಿಡಿದವಳೂ ನಾನೇ.

ದುಡ್ಡು ಬಂತು, ಸುಳ್ಳು ಹೇಳಲಾರೆ.
ಎರಡನೆಯ ಗುಡಿಸಲಿಗೆ ಹೊಸ ಹುಲ್ಲು ಹೊದಿಸಿದೆವು,
ಆರು ಹಾಸಿಗೆ ಕೊಂಡೆವು,
ಅತ್ತೆ ಕನ್ನಡಕ ಮಾಡಿಸಿಕೊಂಡಳು.

ಜುಲೈ, ಹೊಳೆಯ ಅಂಚು ಗಾಜಾಗುವ ತಿಂಗಳು.
ಒಂದೇ ದಿನ ನಾಲ್ಕನೆಯ ಸಲ ನಿಂತಾಗ
ಲೆಶೋಮೆಯ ಮೊಣಕಾಲು ನಡುಗುತ್ತಿತ್ತು.
ಮಾವ ನೀರಿಗಿಳಿದ. ತನ್ನ ಕಂಬಳಿ ಬಿಚ್ಚಿ
ಅದರ ಬೆನ್ನಿಗೆ ಹೊದಿಸಿದ. ಕಿವಿಯಲ್ಲೇನೋ ಹೇಳಿದ,
ಬೈಗುಳವಲ್ಲ.
ದಡದಲ್ಲಿ ಆರು ಫೋನು. ಆ ಮಾತು
ಯಾವುದಕ್ಕೂ ಸಿಕ್ಕಲಿಲ್ಲ.

ರಾತ್ರಿ ಒಲೆಯ ಮುಂದೆ ಕೇಳಿದ:
"ಲಕ್ಷ ಜನ ನೋಡಿದರು ಅನ್ನುತ್ತೀಯಲ್ಲ,
ಒಬ್ಬರಾದರೂ ಕೇಳಿದರಾ, ನೀರು ತಣ್ಣಗಿತ್ತಾ ಅಂತ?"

ಬಂಡೆ ಹತ್ತಿದೆ. ಚಂದ್ರ ಇರಲಿಲ್ಲ.
ಒಂಟಿಕಾಲಲ್ಲಿ ನಿಂತು ಕಮೆಂಟುಗಳನ್ನು ಒಂದೊಂದೇ ಸರಿಸಿದೆ,
ನಗುವ ಮುಖ, ನಗುವ ಮುಖ,
ಕಾಲು ಬದಲಿಸಿದೆ,
ನಗುವ ಮುಖ.
ಡೇಟಾ ಇನ್ನೂ ಸ್ವಲ್ಪ ಉಳಿದಿತ್ತು.