ತಾಳವಾಡಿಯಲ್ಲಿ ಕ್ಷೌರ

ಸತ್ಯಮಂಗಲದಲ್ಲಿ ನಮ್ಮ ಬೀದಿಗೇ ಮೂರು ಸಲೂನು,
ಮೂರಕ್ಕೂ ಏಸಿ.
ಆದರೂ ತಿಂಗಳಿಗೊಮ್ಮೆ ದಿಂಬಂ ಘಾಟಿ ಹತ್ತುತ್ತೇನೆ.
ಇಪ್ಪತ್ತೇಳು ತಿರುವು;
ತಲೆಯ ಮೇಲೆ ಉಳಿದ ಕೂದಲು
ಅದಕ್ಕಿಂತ ತುಸು ಹೆಚ್ಚು.

ಸಿದ್ದರಂಗನ ಕುರ್ಚಿ
ರಸ್ತೆಗೆ ಬೆನ್ನು ಹಾಕಿದೆ.
ಕನ್ನಡಿಯ ತುಂಬ ಬೆಟ್ಟ,
ಕೆಳಗೆ ಮೂಲೆಯಲ್ಲೆಲ್ಲೋ ನಾನು.
ಮಂಜು ಕವಿದರೆ ಅವನು ಕೈ ತಡೆಯುತ್ತಾನೆ:
"ಆತುರವೇನು ಸಾಮಿ, ಬೆಟ್ಟ ಬರಲಿ."
ಕತ್ತರಿ ಬರೀ ಗಾಳಿಯನ್ನು
ಕಚಕಚ ಕತ್ತರಿಸುತ್ತಿರುತ್ತದೆ.

ಹರಟೆಯೆಲ್ಲ ಕನ್ನಡದಲ್ಲಿ,
ದರ ಮಾತ್ರ ತಮಿಳಿನಲ್ಲಿ: ಐಂಬದು.
ಚಿಲ್ಲರೆ ಇಲ್ಲವೆಂದು
ಹಿತ್ತಿಲ ಎಲೆಕೋಸೊಂದನ್ನು ತೊಡೆಗಿಟ್ಟ.

ಕೆಳಗೆ ಸೆಕೆ.
ಮಂಗಳಾಂಬೆ ನನ್ನ ತಲೆ ಸುತ್ತ ನೋಡಿ
"ಅಷ್ಟು ದೂರ ಹೋಗಿ
ಏನು ತೆಗೆಸಿಕೊಂಡು ಬಂದಿರಿ?" ಅಂದಳು.

ಕೋಸನ್ನು ಅವಳ ಕೈಗೆ ಕೊಟ್ಟೆ.

ಒಳಗೆಲ್ಲೋ ಇನ್ನೂ ತಣ್ಣಗಿತ್ತು.